ಎಡಗಡೆ ಸಾಲಿನ ಇಲಿಗಳು

"ಹಾಲು ಬಿಡಿ ಮರೆಪ್ಪ, ನನಗೆ ಆಗಲ್ಲ," ಎಂದು ವನಮಾಲಾ ಹೇಳಿ ಮುಗಿಸುವಷ್ಟರಲ್ಲಿ ಮರೆಪ್ಪ ಅವಳ ಲೋಟಕ್ಕೆ ಹಾಲು ಸುರಿದಾಗಿತ್ತು.

ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವ ಅವನು ಪಾತ್ರೆ ಹಿಡಿದುಕೊಂಡೇ ನಿಂತ. "ಬಿಡ್ರಿ ಅಂದ್ರಲ್ಲ ಅಕ್ಕೋರ? ಬಿಟ್ಟೆ."

"ಅಯ್ಯೋ, ಬೇಡ ಅಂದೆನಪ್ಪಾ!"

"ಬ್ಯಾಡ ಅನ್ನಾಕ ಬ್ಯಾಡ ಅನಬೇಕಲ್ರಿ. ಬಿಡ್ರಿ ಅಂದ್ರ ನಾ ಏನ್ ತಿಳ್ಕೊಬೇಕು?"

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಧಾತ್ರಿ ಪಕ್ಕನೆ ನಕ್ಕಳು. ನಕ್ಕ ಕೂಡಲೇ ಏನೋ ನೆನಪಾದವಳಂತೆ ಬಾಯಿ ಮುಚ್ಚಿಕೊಂಡಳು. ಅಣ್ಣನ ಮಗಳು ಹೀಗೆ ಅರ್ಧಕ್ಕೇ ನಗು ನಿಲ್ಲಿಸುವುದನ್ನು ವನಮಾಲಾ ಈ ವಾರವಿಡೀ ನೋಡಿದ್ದಳು. ಪಾಪ, ಗೆಳೆಯನ ಚಿಂತೆ ಎಂದುಕೊಂಡಿದ್ದಳು.

ಚಿಂತೆ ಪಡುವ ಹೊತ್ತೇ ಅದು. ಧಾತ್ರಿಯ ಜೊತೆ ಕೆಲಸ ಮಾಡುವ ವಿಕ್ರಂ ಪ್ರಯೋಗಾಲಯದ ಟ್ಯೂಬುಗಳನ್ನು ಬೇಕಂತಲೇ ಕೆಡಿಸಿದ್ದಾನೆ ಎಂಬ ಆರೋಪಕ್ಕೆ ಇವತ್ತು ಮಧ್ಯಾಹ್ನ ವಿಚಾರಣೆ. ಅವನನ್ನು ಉಳಿಸುವ ಒಂದು ಎಳೆಯೂ ವನಮಾಲಾಳ ಕೈಗೆ ಇನ್ನೂ ಸಿಕ್ಕಿರಲಿಲ್ಲ.

ಇಷ್ಟು ವರ್ಷ ವಿಮಾ ಕಂಪನಿಯಲ್ಲಿದ್ದುಕೊಂಡು, ಸತ್ತೇ ಇಲ್ಲದ ಗಂಡಂದಿರನ್ನು ಡೊಂಬಿವಲಿಯಿಂದ ವಿರಾರ್‌ವರೆಗೆ ಹುಡುಕಿ ಹಿಡಿದವಳು ಅವಳು. ನಿವೃತ್ತಿಯಾದ ಮೇಲೆ ಮಾಟುಂಗದ ಮನೆಯಲ್ಲಿ ಸುಮ್ಮನೆ ಕೂರಲಾರದೆ ಪತ್ತೇದಾರಿಕೆಗೆ ಇಳಿದಿದ್ದಳು. ಮನುಷ್ಯರು ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಇಲಿಗಳ ಕೇಸು ಇದೇ ಮೊದಲು.

"ಇನ್ನೊಂದು ಸಲ ಹೇಳೇ," ಎಂದಳು, ಹಾಲಿನ ಚಹಾವನ್ನು ಪಕ್ಕಕ್ಕೆ ಸರಿಸಿ. "ನನ್ನಂಥ ದಡ್ಡಿಗೆ ಅರ್ಥವಾಗೋ ಹಾಗೆ."

ಧಾತ್ರಿ ನಿಟ್ಟುಸಿರು ಬಿಟ್ಟಳು. "ಅತ್ತೆ, ಸಿಂಪಲ್ ಇದೆ. ಎರಡು ಸಾಲು ಇಲಿ. ಎರಡಕ್ಕೂ ತುಪ್ಪದಂಥ ಊಟ ಹಾಕಿ ಮೋಟಾ, ದಪ್ಪ ಮಾಡಿದ್ದೀವಿ. ಬಲಗಡೆ ಸಾಲು ದಿನಾ ಮಷೀನ್ ಮೇಲೆ ಓಡುತ್ತೆ. ಎಡಗಡೆ ಸಾಲು ಆರಾಮ್. ಬಸ್, ತಿನ್ನೋದು, ಕೂರೋದು, ಅಷ್ಟೇ."

"ನಿಮ್ಮಪ್ಪನ ಥರ."

"ಪಪ್ಪಾನ ಥರಾನೇ! ಆಮೇಲೆ ಎರಡೂ ಸಾಲಿನ ಕೊಬ್ಬು ತೆಗೆದು ಟೆಸ್ಟ್ ಮಾಡ್ತೀವಿ. ಕೊಬ್ಬು ಅಂದ್ರೆ ಸುಮ್ನೆ ಬಿದ್ದಿರೋ ಗೋಡೌನ್ ಅಲ್ಲ ಅತ್ತೆ, ಫ್ಯಾಕ್ಟರಿ. ಅದರಲ್ಲಿ ಜೀನ್‌ಗಳು ಸ್ವಿಚ್ ಥರ. ಓಡಿದ ಇಲಿಯಲ್ಲಿ ಕೊಬ್ಬು ಉರಿಸೋ ಸ್ವಿಚ್ ಜೋರಾಗುತ್ತೆ, ಊತ ತರೋ ಸ್ವಿಚ್ ಮೆಲ್ಲಗಾಗುತ್ತೆ. ಕೂತ ಇಲಿಯಲ್ಲಿ ಹಾಗಾಗಲ್ಲ."

"ಆದರೆ ಆಗಿದೆ."

"ಹಾಂ. ಎಡಗಡೆ ಸಾಲಿನ ಕೊಬ್ಬೂ ಓಡಿದ ಇಲಿ ಥರ ಇದೆ. ಎರಡೂ ಸೇಮ್. ವರ್ಷದ ಕೆಲಸ ಪಾನೀ ಮೇ, ನೀರುಪಾಲು. ಸರ್ ಹೇಳ್ತಾರೆ, ವಿಕ್ರಂ ಓಡಿದ ಇಲಿಯ ಕೊಬ್ಬನ್ನೇ ಎರಡೂ ಕಡೆ ಟ್ಯೂಬಿಗೆ ತುಂಬಿದಾನೆ ಅಂತ."

ಸರ್ ಎಂದರೆ ಹಿರಿಯಣ್ಣ, ಪ್ರಯೋಗಾಲಯದ ಮುಖ್ಯಸ್ಥರು. ಮೈಸೂರಿನವರು, ವನಮಾಲಾಳಿಗೆ ಮಾಟುಂಗದ ಕನ್ನಡ ಸಂಘದ ಪರಿಚಯ. "ಆ ಹುಡುಗನಿಗೆ ಕೊಬ್ಬು ರೀ," ಎಂದಿದ್ದರು ನಿನ್ನೆ. "ಪ್ರಬಂಧದಿಂದ ಅವನ ಹೆಸರು ತೆಗೆದೆ, ಅದಕ್ಕೆ ಸೇಡು ತೀರಿಸಿಕೊಂಡ." ಕೊಬ್ಬಿನ ವಿಷಯದಲ್ಲಿ ಅಷ್ಟು ಓದಿಕೊಂಡವರು ಹೇಳಿದರೆ ಯಾರು ಎದುರಾಡುತ್ತಾರೆ?

ವಿಕ್ರಂ ಕೂಡ ಎದುರಾಡಿರಲಿಲ್ಲ. ವನಮಾಲಾಳಿಗೆ ಕಿರಿಕಿರಿ ಮಾಡುತ್ತಿದ್ದುದು ಅದೇ.

ಬೆಳಿಗ್ಗೆ ಬಂದಾಗ ಅವನು ಮೂರನೇ ಮಹಡಿಯಲ್ಲಿ ಮೀಟಿಂಗ್ ರೂಮಿನ ಹೊರಗಿನ ಬೆಂಚಿನ ಮೇಲೆ ಆಗಲೇ ಕುಳಿತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಸಾಂತಾಕ್ರೂಜ್‌ನಿಂದ ಲೋಕಲ್ ರೈಲಿನಲ್ಲಿ ನಿಂತು ಬಂದಿದ್ದಕ್ಕೆ ಬೆನ್ನಿನ ಕಡೆ ಪೂರ್ತಿ ಮುದುಡಿತ್ತು. ಪಿಎಚ್‌ಡಿ ಹೋಗುತ್ತದೆ, ಹೆಸರು ಕೆಡುತ್ತದೆ, ಬೇರೆ ಯಾವ ಲ್ಯಾಬೂ ಒಳಗೆ ಸೇರಿಸುವುದಿಲ್ಲ ಎಂದು ಅವಳು ನೆನಪಿಸಿದ್ದಕ್ಕೆ, "ಬಿಡಿ ಆಂಟಿ, ಏನಾಗತ್ತೋ ಆಗ್ಲಿ," ಎಂದಿದ್ದ. ಮಾಡದ ತಪ್ಪಿಗೆ ಸಿಕ್ಕಿಬಿದ್ದವರು ಕೂಗಾಡುತ್ತಾರೆ. ಇವನು ತನ್ನ ಶೂ ನೋಡುತ್ತಿದ್ದ.

"ಮರೆಪ್ಪ, ನಿಮ್ಮ ಇಲಿಮನೆ ಒಂದು ಸಲ ನೋಡಬಹುದಾ?"

"ಬರ್ರಿ. ಆದ್ರ ಮಾರಿಗಿ, ತಲಿಗಿ ಕಟ್ಕೊಬೇಕು. ಹೊರಗಿನ ಸೋಂಕು ಅವಕ್ಕ ತಡಕೊಳ್ಳಾಕ ಆಗೂದಿಲ್ಲ."

ವಿಚಾರಣೆಯವರು ಯಾರೂ ಇಲ್ಲಿಗೆ ಕಾಲಿಟ್ಟಿರಲಿಲ್ಲ. ಆರೋಪ ಟ್ಯೂಬಿನ ಮೇಲೆ, ಹಾಗಾಗಿ ಎಲ್ಲರೂ ಮೇಲಿನ ಫ್ರೀಜರ್ ನೋಡಿ ಹೋಗಿದ್ದರು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಈ ಕಟ್ಟಡದಲ್ಲಿ, ಪ್ಲಾಸ್ಟಿಕ್ ಬಕೆಟ್ ಮಾಡುವ ಸಣ್ಣ ಕಾರ್ಖಾನೆಯ, ಇಲ್ಲಿನವರ ಬಾಯಲ್ಲಿ ಗಾಳಾದ, ಹಿಂದೆ, ನೆಲಮಹಡಿಯ ಇಲಿಮನೆ ಮರೆಪ್ಪನೊಬ್ಬನ ರಾಜ್ಯ. ಬೆಳಗಿನ ಓಟ, ಊಟ, ಗುಡಿಸುವುದು ಎಲ್ಲ ಅವನದೇ. ಹುಡುಗರು ಸಂಜೆ ಬಂದು ತೂಕ ನೋಡಿಕೊಂಡು ಹೋಗುತ್ತಿದ್ದರು, ಅಷ್ಟೇ.

ಒಳಗೆ ತಣ್ಣಗಿತ್ತು. ಬಲಗಡೆ ಒಂದು ಸಾಲು ಪಂಜರ, ಎಡಗಡೆ ಒಂದು ಸಾಲು. ನಡುವೆ ಓಡುವ ಮಷೀನು. ಮೊದಲಿನ ಇಲಿಗಳೆಲ್ಲ ಟ್ಯೂಬು ಸೇರಿ ಮುಗಿದಿದ್ದವು. ಇವು ಎರಡನೇ ತಂಡ, ಅದೇ ಊಟ, ಅದೇ ದಿನಚರಿ.

ದಿಂಬಿನಂಥ ಇಲಿಗಳು. ಬಲಗಡೆಯವೂ ದಪ್ಪ, ಎಡಗಡೆಯವೂ ದಪ್ಪ.

"ಓಡಿದವು ತೆಳ್ಳಗಾಗಬೇಕಿತ್ತಲ್ವೇ?"

"ಅದೇ ಮಜಾ ಅತ್ತೆ," ಎಂದಳು ಧಾತ್ರಿ ಬಾಗಿಲಲ್ಲೇ ನಿಂತು. ಅವಳು ಒಳಗೆ ಬಂದಿರಲಿಲ್ಲ. "ಈ ಊಟಕ್ಕೆ ತೂಕ ಜಾಸ್ತಿ ಇಳಿಯಲ್ಲ. ಹೊರಗಿಂದ ನೋಡಿದ್ರೆ ಪತಾ ನಹೀ ಚಲ್ತಾ. ಒಳಗಿನ ಸ್ವಿಚ್ ಬದಲಾಗಿರುತ್ತೆ."

ಅಂದರೆ ಇಲಿ ಓಡಿದೆಯೋ ಕೂತಿದೆಯೋ ಎಂದು ಕಣ್ಣಿಗೆ ಕಾಣುವುದಿಲ್ಲ, ಕೊಬ್ಬಿಗೆ ಮಾತ್ರ ಗೊತ್ತು. ವನಮಾಲಾ ಆ ಮಾತನ್ನು ನಾಲಿಗೆಯ ಮೇಲಿನ ಕಲ್ಲುಸಕ್ಕರೆಯಂತೆ ಹೊರಳಿಸುತ್ತ ಮೂಲೆಗೆ ಹೋದಳು. ಅಲ್ಲೊಂದು ದೊಡ್ಡ ಪ್ಲಾಸ್ಟಿಕ್ ಟಬ್ ಇತ್ತು, ಪಕ್ಕದ ಗಾಳಾದಿಂದಲೇ ತಂದದ್ದಿರಬೇಕು. ಟಬ್ಬಿನೊಳಗೆ ತಂತಿಯ ಚಕ್ರ.

"ಇದೇನು?"

"ಹಿಂದಿನ್ಯಾವ್ದೋ ಪ್ರಯೋಗದ್ದು ಬಿದ್ದಿತ್ರಿ."

ಬಿದ್ದಿದ್ದ ವಸ್ತುವಿನ ಮೇಲೆ ಮುಂಬೈಯಲ್ಲಿ ಒಂದು ವಾರಕ್ಕೆ ಬೆರಳು ಗಾತ್ರದ ಧೂಳು ಕೂರುತ್ತದೆ. ಚಕ್ರದ ಮೇಲೆ ಧೂಳೇ ಇರಲಿಲ್ಲ. ವನಮಾಲಾ ಬಗ್ಗಿ, ಸುಮ್ಮನೆ ಮಗುವಿನಂತೆ, ಬೆರಳಿನಿಂದ ಅದನ್ನು ತಿರುಗಿಸಿದಳು.

ಕಿರ್ರ್... ಕಿರ್ರ್...

ಬಲಗಡೆ ಸಾಲಿನಲ್ಲಿ ಒಂದು ಇಲಿಯೂ ಅಲ್ಲಾಡಲಿಲ್ಲ.

ಎಡಗಡೆ ಸಾಲು ಪೂರ್ತಿ ಎದ್ದು ನಿಂತಿತು.

ಎಲ್ಲವೂ. ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಸರಳು ಹಿಡಿದು, ಗುಲಾಬಿ ಮೂಗುಗಳನ್ನು ಸಂದಿನಿಂದ ಹೊರಗೆ ತೂರಿ. ಗಾಡಿ ಬರುವ ಸದ್ದಿಗೆ ಪ್ಲಾಟ್‌ಫಾರ್ಮಿನ ಅಂಚಿಗೆ ನುಗ್ಗುವ ಜನರ ಹಾಗೆ.

ಜನ್ಮದಲ್ಲಿ ಓಡದ ಇಲಿಗಳು ತಮ್ಮ ಸರದಿಗೆ ಕಾಯುತ್ತಿದ್ದವು.

ವನಮಾಲಾ ಸೊಂಟ ನೆಟ್ಟಗೆ ಮಾಡಿದಳು. "ಮರೆಪ್ಪ. ಈ ಎಡಗಡೆಯವನ್ನ ನೀವು ಏನು ಮಾಡ್ತೀರಿ?"

"ಏನ್ ಮಾಡೂದ್ರಿ? ಸಾಹೇಬ್ರು ಹೇಳಿದಂಗ ಮಾಡ್ತೀನಿ."

"ಸಾಹೇಬ್ರು ಏನು ಹೇಳಿದ್ರು? ಅವರ ಬಾಯಿಂದ ಬಂದ ಹಾಗೇ ಹೇಳಿ."

ಮರೆಪ್ಪ ಹಿರಿಯಣ್ಣನವರಂತೆಯೇ ಕೈ ಹಿಂದೆ ಕಟ್ಟಿ ಎದೆ ಉಬ್ಬಿಸಿದ. "ಮರೆಪ್ಪ, ದಿನಾ ಬೆಳಿಗ್ಗೆ ಬಲಗಡೆ ಸಾಲು ಓಡಿಸಿ, ಎಡಗಡೆ ಸಾಲು ಬಿಡಿ."

ಹೊರಗಿನ ಕೋಣೆಯಲ್ಲಿ ಅವಳ ಚಹಾ ತಣ್ಣಗಾಗುತ್ತಿತ್ತು. ಹಾಲು ಹಾಕಿದ ಚಹಾ.

"ಅದಕ್ಕ ಬಲಗಡೀವು ಮಷಿನ್ ಮ್ಯಾಲ ನಾ ನಿಂತು ಓಡಿಸ್ತೀನಿ. ಎಡಗಡೀವು ಟಬ್ಬಿನ್ಯಾಗ ಬಿಡ್ತೀನಿ. ಓಡಸೂದೇ ಬ್ಯಾಡ್ರಿ ಅವನ್ನ, ಸರದಿ ಮ್ಯಾಲ ಚಕ್ರ ಹತ್ತತಾವ. ಏನ್ ಓಡ್ತಾವ್ರಿ ಅಕ್ಕೋರ, ಶಾಲಿ ಬಿಟ್ಟ ಹುಡುಗುರು ಓಡಿದಂಗ!" ಮರೆಪ್ಪನ ಕಣ್ಣುಗಳು ಮಾಸ್ಕಿನ ಮೇಲೆ ನಗುತ್ತಿದ್ದವು. "ಅವೇ ಛಲೋರಿ ನನ್ನ ಕೇಳಿದ್ರ. ಮಷಿನ್ ಮ್ಯಾಲಿನವು ಡ್ಯೂಟಿ ಮಾಡ್ತಾವ. ಇವು ಆಡ್ತಾವ."

ಸಿಕ್ಕಿತು. ಒಂದು ವಾರ ಹುಡುಕಿದ್ದು ಒಂದು ಚಕ್ರದ ಕಿರ್ರೆನ್ನುವಿಕೆಯಲ್ಲಿ ಸಿಕ್ಕಿಬಿಟ್ಟಿತು. ಯಾರೂ ಟ್ಯೂಬು ಮುಟ್ಟಿಲ್ಲ. ಮೈಸೂರಿನ ಹಿರಿಯಣ್ಣ ಅವುಗಳ ತಂಟೆಗೆ ಹೋಗಬೇಡ ಎಂಬರ್ಥದಲ್ಲಿ "ಬಿಡಿ" ಎಂದರು. ಜೇವರ್ಗಿಯ ಮರೆಪ್ಪ ಹೊರಗೆ ಬಿಟ್ಟ. ಇಬ್ಬರೂ ಕನ್ನಡವನ್ನೇ ಆಡಿದ್ದರು. ಹಿಂದಿಯವನೊಬ್ಬ ಆ ಜಾಗದಲ್ಲಿದ್ದಿದ್ದರೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಇಲ್ಲಿ ನಮ್ಮವರು, ನಮ್ಮ ಮಾತು ಎಂಬ ಸಲುಗೆಯೇ ಕಾಲಿಗೆ ತೊಡರಿಕೊಂಡಿತ್ತು.

ಗೆದ್ದ ಖುಷಿಗೆ ಅವಳು ಚಪ್ಪಾಳೆ ತಟ್ಟಬೇಕಿತ್ತು. ಮರೆಪ್ಪನ ಮುಖ ನೋಡಿ ಕೈ ಮೇಲೇಳಲಿಲ್ಲ.

ಮೆಲ್ಲಗೆ, ಆದಷ್ಟು ಮೆಲ್ಲಗೆ ಹೇಳಿದಳು. ಎಡಗಡೆಯವು ಕೂತೇ ಇರಬೇಕಿತ್ತು ಎಂದು. ಅವರ "ಬಿಡಿ" ಬೇರೆ, ಇವನ "ಬಿಡ್ರಿ" ಬೇರೆ ಎಂದು.

ಮರೆಪ್ಪ ಎಡಗಡೆ ಸಾಲಿನ ಕಡೆ ತಿರುಗಿದ. ಸರಳು ಹಿಡಿದು ನಿಂತಿದ್ದ ಒಂದು ಇಲಿಯ ಮೂಗಿನ ಹತ್ತಿರ ಬೆರಳು ಒಯ್ದು, ವಾಪಸು ತೆಗೆದುಕೊಂಡ.

"ನಾ ಏನ್ ತಿಳ್ಕೊಂಡಿದ್ನೆಂದ್ರ ಅಕ್ಕೋರ... ಬಲಗಡೀವು ಕೆಲಸಕ್ಕ ಅದಾವ, ಎಡಗಡೀವು ಬಿಟ್ಟಾರ, ಇವಾದ್ರೂ ಉಳೀತಾವ ಅಂತ. ಆಮ್ಯಾಲ ಒಂದಿನ ಎರಡೂ ಸಾಲು ಮ್ಯಾಲ ಒಯ್ದ್ರು. ನಾನೇ ಲಿಫ್ಟಿನ್ಯಾಗ ಇಟ್ಟು ಕಳಿಸೀನಿ. ಕೇಳಾಕ ಬಾಯಿ ಬರಲಿಲ್ಲ."

ವನಮಾಲಾ ಅವನ ತೋಳು ಮುಟ್ಟಿದಳು.

"ಆ ವಿಕ್ರಂ ಸಾಹೇಬ್ರ ಮ್ಯಾಲ ಬಂದದ್ದು ನನ್ನಿಂದೇನ್ರಿ?"

"ನಿಮ್ಮಿಂದ ಅಲ್ಲ ಮರೆಪ್ಪ. ಒಂದು ಮಾತಿಂದ."

"ಮಾತು ಕೇಳಿದ ಕಿವಿ ನಂದೇ ಅಲ್ಲೇನ್ರಿ?" ಮರೆಪ್ಪ ಮಾಸ್ಕ್ ಕಳಚಿದ. "ನಡೀರಿ. ಮ್ಯಾಲ ಹೋಗಿ ಹೇಳ್ತೀನಿ. ಹುಡುಗಂದು ಇಡೀ ಆಯುಷ್ಯ ಅದ ಮುಂದ."

"ನಿಮ್ಮ ಕೆಲಸ ಹೋಗಬಹುದು."

"ಹೋದ್ರ ಹೋಗ್ಲಿ. ಈ ಎಸ್ಟೇಟಿನ್ಯಾಗ ಬಕೆಟ್ ಹೊರಾಕ ಯಾವನೂ ಬ್ಯಾಡ ಅನ್ನಂಗಿಲ್ಲ." ಆದರೆ ಎಡಗಡೆ ಸಾಲನ್ನು ದಾಟುವಾಗ ಹೆಜ್ಜೆ ನಿಧಾನವಾಯಿತು. "ಒಂದೇ ಮಾತ್ರಿ. ಸಣ್ಣಕ್ಕೋರು ಅವತ್ತು ಮುಂಜಾನೆ ಬಂದು ಟಬ್ಬು ನೋಡಿ ಹೋದ್ರಲ್ಲ, ಅವರಾದ್ರೂ ಹಿಂಗಲ್ಲ ಅಂದಿದ್ರ ಅವತ್ತೇ ನಿಲ್ಲಸ್ತಿದ್ದೆ."

"ಯಾವ ಸಣ್ಣಕ್ಕೋರು?"

ಮರೆಪ್ಪ ಬಾಗಿಲ ಕಡೆ ಕೈ ತೋರಿಸಿದ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಧಾತ್ರಿಯ ಮಾಸ್ಕ್ ಸ್ಟೂಲಿನ ಮೇಲೆ ಬಿದ್ದಿತ್ತು.

*

ಮೂರನೇ ಮಹಡಿಗೆ ಬರುವಷ್ಟರಲ್ಲಿ ಬೆಂಚು ಖಾಲಿ. ವಿಕ್ರಂನನ್ನು ಒಳಗೆ ಕರೆದಾಗಿತ್ತು. ಮರೆಪ್ಪ ತಲೆಗೂದಲು ಸವರಿಕೊಂಡು, ಚಪ್ಪಲಿ ಹೊರಗೇ ಬಿಟ್ಟು, ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ. ಗುಡಿಗೆ ಹೋಗುವವನ ಹಾಗೆ.

ಧಾತ್ರಿ ಮೆಟ್ಟಿಲ ಕೊನೆಯಲ್ಲಿ, ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ನಿಂತಿದ್ದಳು.

"ನಿನಗೆ ಗೊತ್ತಿತ್ತು," ಎಂದಳು ವನಮಾಲಾ.

"ಅತ್ತೆ, ಪ್ಲೀಸ್."

"ನೀನೇ ಮಾಟುಂಗಕ್ಕೆ ಬಂದು ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತಿದ್ದೆ. ವಿಕ್ರಂನ ಬಚಾಯಿಸು ಅಂದೆ. ಒಂದು ವಾರ ನಾನು ಫ್ರೀಜರ್ ಬೀಗ, ಕ್ಯಾಮೆರಾ, ಹಾಳುಮೂಳು ಎಲ್ಲ ಜಾಲಾಡಿದೆ. ನೀನು ಜೊತೇಲಿ ವಡಾಪಾವ್ ತಿಂದ್ಕೊಂಡು ನಿಂತಿದ್ದೆ. ಗೊತ್ತಿದ್ದೂ!"

"ನನಗೆ ಲಗಾ... ನಿಮಗೆ ಬೇರೆ ಏನಾದ್ರೂ ಸಿಗುತ್ತೆ ಅನ್ನಿಸ್ತು." ಅವಳ ಕನ್ನಡ ಕುಂಟತೊಡಗಿತು. ಹೆದರಿದಾಗ ಯಾವಾಗಲೂ ಹಾಗೇ. "ನಾನು ಅವತ್ತು ವೇಯಿಂಗ್ ಮಷೀನ್ ತರೋಕೆ ಕೆಳಗೆ ಹೋಗಿದ್ದೆ. ಟಬ್‌ನಲ್ಲಿ ಇಲಿ ಓಡ್ತಿದ್ವು. ಎಡಗಡೆದು. ಅಂಕಲ್ ಇಷ್ಟು ಖುಷಿಯಿಂದ ತೋರಿಸಿದ್ರು, ನಾನು ಹಾಂ ಹಾಂ ಛಲೋ ಅಂದೆ. ಅವರು ಮಾತಾಡೋದು ನನಗೆ ಅರ್ಧ ತಿಳಿಯಲ್ಲ ಅತ್ತೆ. ಸರ್ ಏನೋ ಹೊಸ ಪ್ಲಾನ್ ಮಾಡಿದಾರೆ ಅನ್ಕೊಂಡೆ."

"ಯಾರಿಗೂ ಹೇಳಲಿಲ್ಲ?"

"ಹೇಳಿದೆ." ಅವಳ ದನಿ ಇಳಿಯಿತು. "ವಿಕ್ರಂಗೆ. ಅವತ್ತೇ ಸಂಜೆ. ಕಾಂದಿವಲಿ ಸ್ಟೇಷನ್‌ನಲ್ಲಿ."

ವನಮಾಲಾ ಸರಳಿಗೆ ಕೈ ಊರಿದಳು. ಆಗಿನ್ನೂ ಇಲಿಗಳನ್ನು ಮೇಲೆ ಒಯ್ದಿರಲಿಲ್ಲ. ನಿಲ್ಲಿಸಬಹುದಿತ್ತು. ಹೊಸ ಇಲಿ ತಂದು ಮತ್ತೆ ಶುರು ಮಾಡಬಹುದಿತ್ತು. ಯಾರ ಹೆಸರೂ ಕೆಡುತ್ತಿರಲಿಲ್ಲ.

ಆಮೇಲೆ ಫಕ್ಕನೆ ಇನ್ನೊಂದು ಹೊಳೆಯಿತು. ಅವಳು ಧಾತ್ರಿಯ ಎರಡೂ ಭುಜ ಹಿಡಿದಳು.

"ಯಾವ ಭಾಷೇಲಿ ಹೇಳಿದೆ?"

"ಕ್ಯಾ?"

"ಕನ್ನಡದಲ್ಲಾ, ಹಿಂದೀಲಾ? ಸರಿಯಾಗಿ ನೆನಪು ಮಾಡ್ಕೋ."

"ಕನ್ನಡ. ಅವನ ಜೊತೆ ಪ್ರಾಕ್ಟೀಸ್ ಮಾಡ್ತಿದ್ದೆ ನಾ. 'ಮರೆಪ್ಪ ಅಂಕಲ್ ಎಡಗಡೆ ಇಲಿ ಬಿಡ್ತಾರೆ' ಅಂದೆ."

ಎದೆಯ ಮೇಲಿನ ಕಲ್ಲು ಸರಿದಂತಾಯಿತು. ವಿಕ್ರಂ ಮೈಸೂರಿನ ಹುಡುಗ. ಹಿರಿಯಣ್ಣನವರ "ಬಿಡಿ"ಯೇ ಅವನ "ಬಿಡಿ." ಎಡಗಡೆ ಇಲಿ ಬಿಡ್ತಾರೆ ಎಂದರೆ, ಸರಿ, ಬಿಡಬೇಕಾದ್ದೇ ಅಲ್ಲವೇ ಎಂದುಕೊಂಡಿರುತ್ತಾನೆ! ಪಾಪದ ಹುಡುಗ. ವನಮಾಲಾ ನಗುವುದರಲ್ಲಿದ್ದಳು.

"ಅವನೂ ಹಾಗೇ ಅಂದಿರಬೇಕು. ಬಿಡಬೇಕಾದ್ದೇ ತಾನೇ ಅಂತ."

"ಹಾಂ. ಹಾಗೇ ಅಂದ."

"ನೋಡು ಮತ್ತೆ! ಅದನ್ನ ಮೊದಲೇ ಬೊಗಳೋಕೆ ನಿನಗೇನಾಗಿತ್ತೇ..."

ಧಾತ್ರಿ ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿದು ತುಟಿಯ ಮೂಲೆಗೆ ಬಂದಿತ್ತು. "ಅವನಿಗೆ ಅರ್ಥ ಆಗಲಿಲ್ಲ ಅಂತ ನನಗೆ ತಿಳೀತು ಅತ್ತೆ. ಅದಕ್ಕೆ ಆಕ್ಟಿಂಗ್ ಮಾಡಿ ತೋರಿಸಿದೆ."

"ಏನು ತೋರಿಸಿದೆ?"

ಧಾತ್ರಿ ಎಡಗೈ ಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿದಳು. ಬಲಗೈಯ ಎರಡು ಬೆರಳು ಅದರ ಮೇಲೆ ಇಲಿಯಂತೆ ಓಡಿದವು.

"ಆಗ?"

"ಆಗ ಸುಮ್ಮನಾದ. ಆಮೇಲೆ ನಕ್ಕ. ಅದೇ ವಾರ ಸರ್ ಪೇಪರ್‌ನಿಂದ ಅವನ ಹೆಸರು ತೆಗೆದಿದ್ರು, ತುಂಬಾ ದಿನ ಆದ್ಮೇಲೆ ನಕ್ಕಿದ್ದು, ನನಗೂ ಖುಷಿ ಆಯ್ತು. ನನ್ನ ಕನ್ನಡಕ್ಕೆ ನಗ್ತಿದಾನೆ ಅನ್ಕೊಂಡೆ." ಅವಳು ಮೂಗು ಒರೆಸಿಕೊಂಡಳು. "ಗಾಡಿ ಬಂತು. ಹತ್ತುತ್ತಾ ಹತ್ತುತ್ತಾ ಹಿಂದೀಲಿ ಹೇಳಿದ. 'ದೌಡ್‌ನೇ ದೇ ಯಾರ್.' ಬಸ್, ಅಷ್ಟೇ."

ದೌಡ್‌ನೇ ದೇ. ಓಡಲಿ.

ವನಮಾಲಾ ಆ ಮಾತನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಎಲ್ಲಾದರೂ ಎರಡನೇ ಅರ್ಥ ಅಡಗಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಕನ್ನಡದ ಒಂದು ಮಾತು ಎಲ್ಲರನ್ನೂ ಉಳಿಸುವಂತಿತ್ತು, ಹಾಳಾದ ಹುಡುಗ ಹಿಂದಿಯಲ್ಲಿ ಉತ್ತರ ಕೊಟ್ಟಿದ್ದ.

ಅವನು ಟ್ಯೂಬು ಮುಟ್ಟಿರಲಿಲ್ಲ ನಿಜ. ಮುಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಪ್ರಯೋಗ ತಾನಾಗಿ ಹಾಳಾಗುವುದನ್ನು ನೋಡುತ್ತ ದಿನಾ ಸಂಜೆ ಬಂದು, ಓಡಿದ ಇಲಿಗಳನ್ನು ಕೂತ ಇಲಿಗಳೆಂದು ತೂಗಿಕೊಂಡು ಹೋಗಿದ್ದ.

"ಅತ್ತೆ, ನಾನೂ ಹೋಗ್ತೀನಾ? ನನ್ನದೂ ಎಲ್ಲಾ ಹೋಗುತ್ತಾ?"

ವನಮಾಲಾ ಗಾಜಿನ ಬಾಗಿಲಿಗೆ ಬಂದಳು. ಉದ್ದನೆಯ ಮೇಜು. ತಲೆಗಡೆ ಹಿರಿಯಣ್ಣ. ಎದುರಿಗೆ ಬರಿಗಾಲಲ್ಲಿ ಮರೆಪ್ಪ, ಬಾರದ ಹಿಂದಿಯಲ್ಲಿ, ಎಲ್ಲರಿಗೂ ಕೈ ಮುಗಿದು ಮುಗಿದು ಹೇಳುತ್ತಿದ್ದ ದನಿ ಸಂದಿನಿಂದ ಹೊರಗೆ ಬರುತ್ತಿತ್ತು. "ಗಲತಿ ಮೇರಾ ಹೈ ಸಾಬ್. ಲಡ್ಕಾ ಕೋ ಕುಛ್ ಮಾಲೂಮ್ ನಹೀ."

ತಪ್ಪು ನನ್ನದು. ಹುಡುಗನಿಗೆ ಏನೂ ಗೊತ್ತಿಲ್ಲ.

ಮೇಜಿನ ಕೊನೆಯಲ್ಲಿ ಆ ಹುಡುಗ ಕುಳಿತಿದ್ದ, ನೀಲಿ ಅಂಗಿಯಲ್ಲಿ. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ. ಹಿರಿಯಣ್ಣ ಮರೆಪ್ಪನ ಮೇಲೆ ಬೆರಳು ಚಾಚಿ ಎದ್ದು ನಿಂತರು. ಆಗಲೂ ಬರಲಿಲ್ಲ.

ವನಮಾಲಾ ಹಿಡಿಕೆಗೆ ಕೈ ಹಾಕಿದಳು.

ಸದ್ದಿಗೆ ವಿಕ್ರಂ ತಲೆ ಎತ್ತಿದ. ಅವಳನ್ನು ನೋಡಿದ, ಅವಳ ಹಿಂದೆ ಅಳುತ್ತ ನಿಂತಿದ್ದ ಧಾತ್ರಿಯನ್ನು ನೋಡಿದ. ಎಲ್ಲ ತಿಳಿದುಹೋಯಿತು ಅವನಿಗೆ. ಮುಖ ಸುಣ್ಣವಾಯಿತು. ಗಾಜಿನ ಆಚೆಯಿಂದ ದನಿ ಕೇಳಿಸಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ಎರಡೇ ಅಕ್ಷರ.

"ಬಿಡಿ."